ಮಕ್ಕಳ ಸೆಮಿನಾರ್ ಮಾತು: ವೇಗ ಎಷ್ಟು, ಪದ ಯಾವುದು?



ವರದಿಯ ಲೆಕ್ಕಪತ್ರದ ಪುಟಗಳಲ್ಲಿ ಕಾಲೇಜು ಶುಲ್ಕ, ಪುಸ್ತಕ, ಬಸ್ ಪಾಸ್, ಹಾಸ್ಟೆಲ್ ಎಂದು ಸಾಲುಸಾಲಾಗಿ ಮೊತ್ತಗಳನ್ನು ತೋರಿಸಿದ್ದೇವೆ. ಆ ಸಾಲುಗಳಲ್ಲಿ ಕಾಣದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಲಾಯಿಲದಿಂದ ಉಜಿರೆ, ಮೂಡುಬಿದಿರೆ, ಮಂಗಳೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಅಂಕಗಳ ಕೊರತೆಯಿಲ್ಲ. ಆದರೆ ತರಗತಿಯ ಮುಂದೆ ನಿಂತು ಹತ್ತು ನಿಮಿಷ ಮಾತನಾಡಬೇಕಾದಾಗ ಕಷ್ಟವಾಗುತ್ತದೆ. ಪದವಿಯಲ್ಲಿ ಸೆಮಿನಾರ್, ಎಂಜಿನಿಯರಿಂಗ್‌ನಲ್ಲಿ ಪ್ರಾಜೆಕ್ಟ್ ಮಂಡನೆ, ಕೊನೆಗೆ ಕೆಲಸದ ಸಂದರ್ಶನ, ಎಲ್ಲ ಕಡೆಯೂ ಬಾಯಿ ತೆರೆಯಲೇಬೇಕು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ, ಕಾಲೇಜಿನಲ್ಲಿ ಇಂಗ್ಲಿಷ್. ಇಷ್ಟು ಭಾಷೆಗಳನ್ನು ಸಂಭಾಳಿಸುವ ಮಗು ದಡ್ಡ ಮಗುವಲ್ಲ. ಹೆದರಿಕೆಯಿಂದ ಅದು ಓಡುತ್ತದೆ, ಅಷ್ಟೆ. ಎಂಟು ನಿಮಿಷದ ಮಾತನ್ನು ಐದು ನಿಮಿಷದಲ್ಲಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಾ ಕೂರುತ್ತದೆ.

ಮಾತಿನ ವೇಗ ಅಳೆಯುವ ತಂತ್ರಾಂಶದ ಬಗ್ಗೆ ಹೆತ್ತವರು ನಮ್ಮನ್ನು ವಿಚಾರಿಸುತ್ತಿರುವುದರಿಂದ ಅದು ಏನು, ಎಷ್ಟು ನಂಬಬಹುದು ಎಂಬುದನ್ನು ವಿವರಿಸುತ್ತೇವೆ.

ಕಾಲೇಜು ಮಕ್ಕಳು ಸ್ಲೈಡ್ ತಯಾರಿಸಲು ಬಳಸುವ ಮೈಕ್ರೋಸಾಫ್ಟ್ ಪವರ್‌ಪಾಯಿಂಟ್‌ನಲ್ಲಿಯೇ ಈ ಸೌಲಭ್ಯವಿದೆ. 2019ರಲ್ಲಿ ‘ಪ್ರೆಸೆಂಟರ್ ಕೋಚ್’ ಎಂಬ ಹೆಸರಿನಲ್ಲಿ ಬಂದದ್ದು ಆಮೇಲೆ ‘ಸ್ಪೀಕರ್ ಕೋಚ್’ ಆಯಿತು. ಸ್ಲೈಡ್ ಶೋ ವಿಭಾಗದಲ್ಲಿ ‘ರಿಹರ್ಸ್ ವಿತ್ ಕೋಚ್’ ಎಂಬುದನ್ನು ಒತ್ತಿ, ಮೈಕ್ ಮುಂದೆ ಮಾತನಾಡಬೇಕು. ಮುಗಿಸಿದ ಮೇಲೆ ಒಂದು ವರದಿ ತೆರೆದುಕೊಳ್ಳುತ್ತದೆ: ನಿಮಿಷಕ್ಕೆ ಎಷ್ಟು ಪದ ಆಡಿದಿರಿ, ‘ಅಂ’, ‘ಯೂ ನೋ’, ‘ಬೇಸಿಕಲಿ’ ಮುಂತಾದ ತುಂಬುಪದಗಳು ಬಂದವೇ, ಸ್ಲೈಡಿನಲ್ಲಿ ಬರೆದದ್ದನ್ನೇ ಓದಿಬಿಟ್ಟಿರಾ, ಯಾರಿಗಾದರೂ ನೋವಾಗಬಹುದಾದ ಪದ ಬಂತೇ. ವರದಿಯ ಕಿಟಕಿ ಮುಚ್ಚಿದರೆ ಅದು ಮತ್ತೆ ಸಿಗುವುದಿಲ್ಲ. ಬೇಕಾದವರು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಇಂಟರ್ನೆಟ್ ಇರಲೇಬೇಕು, ಏಕೆಂದರೆ ಧ್ವನಿಯನ್ನು ಪದಗಳಾಗಿ ಬಿಡಿಸುವ ಕೆಲಸ ನಡೆಯುವುದು ಆ ಕಂಪೆನಿಯ ಕಂಪ್ಯೂಟರಿನಲ್ಲಿ, ನಮ್ಮದರಲ್ಲಿ ಅಲ್ಲ. ಹೆಣ್ಣುಮಕ್ಕಳ ಹೆತ್ತವರು ಈ ವಿಷಯ ತಿಳಿದುಕೊಂಡೇ ಅನುಮತಿ ಕೊಡುವುದು ಒಳ್ಳೆಯದು. ಕ್ಯಾಮೆರಾ ಇಲ್ಲದೆಯೂ ಅಭ್ಯಾಸ ಮಾಡಬಹುದು.

ಮೊದಲು ವೇಗದ ವಿಷಯ. ಆ ತಂತ್ರಾಂಶ ಒಳ್ಳೆಯದೆಂದು ಸೂಚಿಸುವುದು ನಿಮಿಷಕ್ಕೆ 100ರಿಂದ 165 ಪದ. ಇದು ಇಂಗ್ಲಿಷಿನ ಲೆಕ್ಕ. ಎಂಟು ನಿಮಿಷದ ಸೆಮಿನಾರಿಗೆ ಮಗ 1500 ಪದ ಬರೆದುಕೊಂಡಿದ್ದರೆ, ಅದನ್ನು ಮುಗಿಸಲು ನಿಮಿಷಕ್ಕೆ 187 ಪದಕ್ಕಿಂತಲೂ ಹೆಚ್ಚು ಆಡಬೇಕಾಗುತ್ತದೆ. ನಾಲಿಗೆಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ತಪ್ಪು ಬರಹದ ಉದ್ದದಲ್ಲಿದೆ. ನಿಮಿಷಕ್ಕೆ 130 ಪದ ಎಂದು ಇಟ್ಟುಕೊಂಡರೆ ಎಂಟು ನಿಮಿಷಕ್ಕೆ 1040 ಪದ ಸಾಕು. ಉಳಿದ 460 ಪದಗಳನ್ನು ಕೈಬಿಡಬೇಕು. ‘ನಿಧಾನವಾಗಿ ಮಾತಾಡು’ ಎಂದು ಮಗುವಿಗೆ ನೂರು ಸಲ ಹೇಳುವುದಕ್ಕಿಂತ ಈ ಒಂದು ಗುಣಾಕಾರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ಇದೇ ಸಂಖ್ಯೆಯನ್ನು ಕನ್ನಡಕ್ಕೆ ತರಬಾರದು. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಲ್ಲಿ ಹೇಳುವುದನ್ನು ನಾವು ‘ಹೋಗಬೇಕಾಗಿತ್ತಂತೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ. ‘ಮನೆಯಿಂದಲೇ’, ‘ಓದಿಸಬೇಕಾದವರಿಗೂ’ ಎಂಬಂಥ ಪದಗಳಲ್ಲಿ ವಿಭಕ್ತಿ, ಒತ್ತು, ಎಲ್ಲವೂ ಒಳಗೇ ಸೇರಿಕೊಂಡಿವೆ. ಆದ್ದರಿಂದ ಕನ್ನಡದಲ್ಲಿ ನಿಮಿಷಕ್ಕೆ 165 ಪದ ಆಡಿದರೆ ಅದು ಭಾಷಣವಲ್ಲ, ಹರಾಜು ಕೂಗಿದ ಹಾಗೆ. ಈ ಕೋಚ್ ಕನ್ನಡವನ್ನು ಕೇಳಿಸಿಕೊಳ್ಳುವುದೂ ಇಲ್ಲ. ಕನ್ನಡದಲ್ಲಿ ಮಾತನಾಡುವ ಮಕ್ಕಳು ಮೊಬೈಲಿನ ಧ್ವನಿ ಟೈಪಿಂಗ್ ಬಳಸಬಹುದು. ಗೂಗಲ್ 2017ರಲ್ಲಿ ಕನ್ನಡವನ್ನೂ ಅದಕ್ಕೆ ಸೇರಿಸಿತು. ಒಂದು ನಿಮಿಷ ಮಾತನಾಡಿ, ಪರದೆಯ ಮೇಲೆ ಎಷ್ಟು ಪದ ಸರಿಯಾಗಿ ಮೂಡಿದವು, ಎಲ್ಲಿ ಕಲಸಿಹೋಯಿತು ಎಂದು ನೋಡಿ. ಪದದ ಕೊನೆಯನ್ನು ನುಂಗುವ ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಬ್ಯಾರಿಗೆ ನಾವು ಬಳಸಿದ ಯಾವ ತಂತ್ರಾಂಶದಲ್ಲೂ ಇದು ಇಲ್ಲ. ಅಲ್ಲಿ ಫೋನಿನಲ್ಲಿ ಮಾತನ್ನು ದಾಖಲಿಸಿ, ಗಡಿಯಾರ ಹಿಡಿದು ಕೇಳುವುದೇ ದಾರಿ.

ಎಲ್ಲಿ ನಿಲ್ಲಬೇಕು ಎಂಬುದು ನಮ್ಮ ಮಕ್ಕಳಿಗೆ ಹೊಸ ಪಾಠವೂ ಅಲ್ಲ. ತಜ್ವೀದ್ ಕಲಿತ ಮಗುವಿಗೆ ಎಲ್ಲಿ ಉಸಿರು ಬಿಡಬೇಕು, ಎಲ್ಲಿ ನಿಂತರೆ ಅರ್ಥ ಕೆಡುತ್ತದೆ, ಯಾವ ಅಕ್ಷರವನ್ನು ಎಳೆಯಬೇಕು ಎಂಬುದು ಏಳೆಂಟನೆಯ ವಯಸ್ಸಿಗೇ ಗೊತ್ತಿರುತ್ತದೆ. ಆ ಶಿಸ್ತನ್ನು ಸೆಮಿನಾರಿಗೂ ತೆಗೆದುಕೊಂಡು ಹೋಗಬಹುದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಬರೆದುಕೊಂಡ ಹಾಳೆಯಲ್ಲಿ ನಿಲ್ಲಬೇಕಾದ ಕಡೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಲು ಹೇಳಿ. ತುಂಬುಪದಗಳೂ ಅರ್ಧ ಅಲ್ಲಿಯೇ ಕಡಿಮೆಯಾಗುತ್ತವೆ. ‘ಆ್ಯಕ್ಚುವಲಿ’, ‘ಅದು ಏನಂದ್ರೆ’ ಎಂಬವು ಮೌನಕ್ಕೆ ಹೆದರಿದ ನಾಲಿಗೆ ಹುಡುಕಿಕೊಳ್ಳುವ ಆಸರೆಗಳು.

ಇನ್ನು ಪದಗಳ ವಿಷಯ. ಇಲ್ಲಿ ತಂತ್ರಾಂಶದ ಕೈ ಅಷ್ಟು ಉದ್ದವಿಲ್ಲ. ಹೆಂಗಸರೂ ಗಂಡಸರೂ ಕೂತ ಸಭೆಯನ್ನು ‘ಯೂ ಗಯ್ಸ್’ ಎಂದು ಕರೆದರೆ ಅದು ಎಚ್ಚರಿಸಿ, ‘ಎಲ್ಲರೂ’ ಎಂಬ ಅರ್ಥದ ಪದವನ್ನು ಸೂಚಿಸುತ್ತದೆ. ಅಂಗವಿಕಲತೆ, ವಯಸ್ಸು, ಜನಾಂಗಗಳ ಬಗ್ಗೆಯೂ ಹಾಗೆಯೇ. ಒಳ್ಳೆಯದೇ. ಕೆಲಸಕ್ಕೆ ಸೇರಿದ ಮೇಲೆ ಬೇರೆ ಊರಿನವರ ಜೊತೆ ಕೂರುವ ಮಗುವಿಗೆ ಇದು ಬೇಕು. ಆದರೆ ಅದು ಪದವನ್ನು ಹಿಡಿಯುತ್ತದೆ, ಉದ್ದೇಶವನ್ನಲ್ಲ. ಮತ್ತು ನಮ್ಮ ಭಾಷೆಯಲ್ಲಿ ನೋಯಿಸುವ ಮಾತು ಅದಕ್ಕೆ ಕಾಣದ ಜಾಗದಲ್ಲಿದೆ.

‘ಕುಂಟು ನೆಪ’, ‘ಕುರುಡು ನಂಬಿಕೆ’, ‘ಜಾಣ ಕಿವುಡು’ ಎಂದು ನಾವು ಯೋಚನೆಯಿಲ್ಲದೆ ಆಡುತ್ತೇವೆ. ಸಭೆಯಲ್ಲಿ ಊರುಗೋಲು ಹಿಡಿದು ಕೂತಿರುವವರ ಮುಂದೆ ‘ಕುಂಟು ನೆಪ’ ಎಂದರೆ ಅವರಿಗೆ ಕೇಳಿಸುವುದು ಮೊದಲ ಪದ ಮಾತ್ರ. ‘ಸುಳ್ಳು ನೆಪ’ ಎಂದರೆ ನಷ್ಟವೇನು? ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಅವುಗಳಲ್ಲಿ ಹಲವು ಹೊರಗೆ ಕಾಣುವುದೇ ಇಲ್ಲ. ಮುಂದೆ ಕೂತವರಲ್ಲಿ ಯಾರಿಗೆ ಏನಿದೆ ಎಂದು ಮಾತನಾಡುವವರಿಗೆ ಗೊತ್ತಿರುವುದಿಲ್ಲ. ಹೆಣ್ಣಿನ ಕುರಿತ ಪದಗಳ ಬಗ್ಗೆ ನಮ್ಮ ದೇಶದ ಸುಪ್ರೀಂ ಕೋರ್ಟೇ 2023ರ ಆಗಸ್ಟಿನಲ್ಲಿ ಒಂದು ಕೈಪಿಡಿ ತಂದಿತು. ನ್ಯಾಯಾಲಯದ ಬರಹಗಳಲ್ಲಿ ಯಾವ ಪದ ಬಿಡಬೇಕು, ಬದಲಿಗೆ ಯಾವುದು ಎಂಬ ಪಟ್ಟಿ ಅದರಲ್ಲಿದೆ. ಕಾನೂನು ಓದುತ್ತಿರುವ ನಮ್ಮ ಮಕ್ಕಳು ಅದನ್ನು ಓದಲೇಬೇಕು.

ಎಲ್ಲಕ್ಕಿಂತ ದೊಡ್ಡದು ಪದವಲ್ಲ, ಕ್ರಿಯಾಪದದ ಬಾಲ. ‘ಡಾಕ್ಟರ್ ಬಂದರು, ಕೂಲಿಯವನು ಬಂದ.’ ಈ ವಾಕ್ಯದಲ್ಲಿ ಒಂದೂ ಕೆಟ್ಟ ಪದವಿಲ್ಲ. ಆದರೂ ಯಾರಿಗೆ ಮರ್ಯಾದೆ, ಯಾರಿಗೆ ಇಲ್ಲ ಎಂಬುದು ಸ್ಪಷ್ಟವಾಗಿದೆ. ಬೀಡಿ ಕಟ್ಟುವವರ ಆರೋಗ್ಯದ ಬಗ್ಗೆ ಒಬ್ಬ ವಿದ್ಯಾರ್ಥಿನಿ ಪ್ರಾಜೆಕ್ಟ್ ಮಾಡುತ್ತಾಳೆಂದು ಇಟ್ಟುಕೊಳ್ಳಿ. ನಮ್ಮ ತಾಲೂಕಿನಲ್ಲಿ ಇದು ದೂರದ ವಿಷಯವಲ್ಲ. ಎಷ್ಟೋ ಮಕ್ಕಳ ಪುಸ್ತಕ ಬಂದದ್ದು ತಾಯಿ ಕಟ್ಟಿದ ಬೀಡಿಯಿಂದ. ಆಕೆ ‘ವೈದ್ಯರು ಹೇಳುತ್ತಾರೆ, ಬೀಡಿ ಕಟ್ಟುವವಳು ಕೇಳುವುದಿಲ್ಲ’ ಎಂದು ಬರೆದುಕೊಂಡರೆ, ಅವಳ ಉಮ್ಮ ಆ ವಾಕ್ಯದಲ್ಲಿ ಏಕವಚನದವಳಾಗುತ್ತಾರೆ. ‘ಬೀಡಿ ಕಟ್ಟುವವರು’ ಎಂದರೆ ಸಾಕು, ಒಂದೇ ಅಕ್ಷರದ ಕೆಲಸ. ಇದನ್ನು ಹಿಡಿಯುವ ತಂತ್ರಾಂಶ ನಮಗೆ ಕಂಡಿಲ್ಲ. ಹಿಡಿಯಬೇಕಾದದ್ದು ಮನೆಯ ಕಿವಿ. ಆದ್ದರಿಂದ ಹೆತ್ತವರಲ್ಲಿ ನಮ್ಮ ಕೇಳಿಕೆ ಇದು: ನಮಗೆ ಓದು ಬರುವುದಿಲ್ಲ, ನಾವೇನು ಕೇಳುವುದು ಎಂದು ಹಿಂದೆ ಸರಿಯಬೇಡಿ. ಮಗಳು ಕನ್ನಡದಲ್ಲಿಯೋ ಬ್ಯಾರಿಯಲ್ಲಿಯೋ ಹೇಳಲಿ, ನೀವು ಕೆಲಸ ಮಾಡುತ್ತಲೇ ಕೇಳಿ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಕೈ ಎತ್ತಿ. ಅದು ವೇಗದ ಪರೀಕ್ಷೆ. ಎಲ್ಲಿ ಮನಸ್ಸಿಗೆ ಚುಚ್ಚಿತೋ ಅಲ್ಲಿಯೂ ಎತ್ತಿ.

ದಾನಿಗಳಿಗೂ ಒಂದು ಮಾತು, ಪ್ರೀತಿಯಿಂದಲೇ. ಚೆಕ್ ವಿತರಣೆಯ ವೇದಿಕೆಗಳಲ್ಲಿ ‘ಈ ಬಡ ಹುಡುಗ’, ‘ಯತೀಂ ಮಗು’ ಎಂದು ಮೈಕಿನಲ್ಲಿ ಪರಿಚಯಿಸುವುದನ್ನು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ಕೇಳಿದ್ದೇವೆ. ಹೇಳುವವರ ಮನಸ್ಸಿನಲ್ಲಿ ಕರುಣೆಯೇ ಇರುತ್ತದೆ. ಆದರೆ ಅದೇ ತರಗತಿಯ ಗೆಳೆಯರು ಮುಂದೆ ಕೂತಿರುತ್ತಾರೆ. ಆ ಮಗು ನಾಳೆ ಅವರೆದುರು ಸೆಮಿನಾರ್ ಕೊಡಬೇಕು. ಮಗುವಿನ ಹೆಸರು, ಓದುತ್ತಿರುವ ವಿಷಯ, ಕಾಲೇಜು, ಇಷ್ಟು ಹೇಳಿದರೆ ಪರಿಚಯ ಮುಗಿಯಿತು. ಅರ್ಜಿಯಲ್ಲಿಯೂ ‘ತಂದೆಯ ಸಹಿ’ ಎಂಬಲ್ಲಿ ‘ತಾಯಿ, ತಂದೆ ಅಥವಾ ಪೋಷಕರ ಸಹಿ’ ಎಂದು ಇರಬೇಕೆಂಬುದು ನಮ್ಮ ಅಭಿಪ್ರಾಯ. ತಂದೆ ಇಲ್ಲದ ಮಗು ಆ ಖಾಲಿ ಗೆರೆಯನ್ನು ನೋಡುತ್ತಾ ಕೂರುವುದು ಬೇಡ.

ಮುಂದಿನ ಸಾಲಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳು ಗಮನಿಸಬೇಕಾದದ್ದು: ಸಂದರ್ಶನದಲ್ಲಿ ನಿಮ್ಮ ಓದಿನ ಒಂದು ವಿಷಯದ ಬಗ್ಗೆ ಮೂರು ನಿಮಿಷ ಮಾತನಾಡಬೇಕು. ಕನ್ನಡ, ಬ್ಯಾರಿ, ಇಂಗ್ಲಿಷ್, ಯಾವುದಾದರೂ ಸರಿ. ಇಂಗ್ಲಿಷ್ ಆರಿಸಿಕೊಂಡರೆ 400 ಪದಕ್ಕಿಂತ ಹೆಚ್ಚು ಬರೆದುಕೊಳ್ಳಬೇಡಿ. ಹಾಳೆ ನೋಡಿಕೊಂಡು ಮಾತನಾಡಬಹುದು, ಆದರೆ ಓದಬಾರದು. ನಡುವೆ ನಿಂತು ನೀರು ಕುಡಿದರೆ ಅಂಕ ಕಡಿಮೆಯಾಗುವುದಿಲ್ಲ. ತಂತ್ರಾಂಶ ಬಳಸಿಯೇ ಬರಬೇಕೆಂದು ಇಲ್ಲ. ಇಂಟರ್ನೆಟ್ ಸಿಗದ ಕಡೆ ಮನೆಯವರ ಮುಂದೆ ಎರಡು ಸಲ ಹೇಳಿ ಬಂದರೂ ಸಾಕು. ಮನೆಯ ಕಷ್ಟದ ಕತೆಯನ್ನು ಅಲ್ಲಿ ಹೇಳುವ ಅಗತ್ಯವಿಲ್ಲ. ಆ ವಿವರ ಅರ್ಜಿಯಲ್ಲಿ ಬರೆದಿದ್ದರೆ ಸಾಕು, ಅದನ್ನು ನಾವು ಓದಿಕೊಂಡೇ ಬಂದಿರುತ್ತೇವೆ.