ಜೊತೆಗೆ ಕುಣಿದವರು, ಒಲ್ಲೆ ಎಂದವರು

ಖಾಲಿ ಹಾಲ್. ಗೋಡೆಯ ಉದ್ದಕ್ಕೂ ಮೇಜು ಕುರ್ಚಿ, ನಡುವೆ ಕುಣಿಯುವ ನೆಲ. ಹೆಂಗಸೊಬ್ಬಳು ಒಳಗೆ ಬಂದು ನೇರ ಕ್ಯಾಮೆರಾದ ಮುಂದೆ ನಿಲ್ಲುತ್ತಾಳೆ. ಅವಳ ಪಾಲಿಗೆ ಅದು ಕನ್ನಡಿ. ಕೂದಲು ತೀಡಿಕೊಂಡು, ಉಡುಪು ಸರಿಮಾಡಿಕೊಂಡು, ಹೋಗಿ ಕೂರುತ್ತಾಳೆ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹೆಂಗಸರೆಲ್ಲ ಕೂತಾದ ಮೇಲೆ ಗಂಡಸರ ಸರದಿ. ನೋಡುವ ನಮ್ಮ ಮುಖಕ್ಕೆ ಮುಖ ಕೊಟ್ಟು ಅವರೂ ತಮ್ಮ ಅಂದಚಂದ ಪರೀಕ್ಷಿಸಿಕೊಳ್ಳುತ್ತಾರೆ. ಯಾರೂ ತುಟಿ ಬಿಚ್ಚುವುದಿಲ್ಲ. ಸಿನಿಮಾ ಮುಗಿಯುವವರೆಗೂ ಬಿಚ್ಚುವುದಿಲ್ಲ.

ಇದು 1983ರ ‘ಲ ಬಾಲ್’. ನಿರ್ದೇಶಕ ಎತ್ತೊರೆ ಸ್ಕೋಲಾ ಇಟಲಿಯವರು, ಕಥೆ ಫ್ರಾನ್ಸಿನದು. ಝಾನ್-ಕ್ಲೋದ್ ಪೆನ್ಷೆನಾ ಅವರ ರಂಗತಂಡ ಆಡುತ್ತಿದ್ದ ನಾಟಕವೇ ಇದರ ಮೂಲ. ಮಾತಿಲ್ಲದ ಸಿನಿಮಾ ಎಂದೊಡನೆ ನಮಗೆ ನೆನಪಾಗುವುದು 1987ರ ‘ಪುಷ್ಪಕ ವಿಮಾನ’. ಅಲ್ಲಿ ಮೌನ ನಗಿಸಿತು. ಇಲ್ಲಿ ಅದು ಒಂದು ದೇಶದ ಅರ್ಧ ಶತಮಾನವನ್ನು ಹೊರುತ್ತದೆ. ಒಂದೇ ಹಾಲ್, ಅವೇ ನಟನಟಿಯರು. ಇಸವಿ ಉರುಳಿದಂತೆ ವೇಷ ಬದಲು, ಸಂಗೀತ ಬದಲು. ಬದಲಾಗದಿರುವುದು ಒಂದೇ: ಒಬ್ಬರು ಎದ್ದು ಬಂದು ಕೈ ಚಾಚುತ್ತಾರೆ, ಇನ್ನೊಬ್ಬರು ಏಳುತ್ತಾರೆ ಅಥವಾ ಒಲ್ಲೆ ಎನ್ನುತ್ತಾರೆ. ಚರಿತ್ರೆ ಹೇಳಲು ಸ್ಕೋಲಾಗೆ ಅಷ್ಟೇ ಸಾಕಾಯಿತು.

1936. ಅಕಾರ್ಡಿಯನ್ ಮೊಳಗುತ್ತಿದೆ. ಲಿಯೋನ್ ಬ್ಲೂಮ್ ಅವರ ಪಾಪ್ಯುಲರ್ ಫ್ರಂಟ್ ಎಂಬ ಎಡಪಕ್ಷಗಳ ಕೂಟದ ಸರ್ಕಾರ ಬಂದ ವರ್ಷ ಅದು. ವಾರಕ್ಕೆ 40 ಗಂಟೆಗಳ ದುಡಿಮೆ, ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕಾಯ್ದೆಯಾದವು. ಮುಷ್ಕರ ಹೂಡಿ ಕಾರ್ಖಾನೆಗಳ ಒಳಗೇ ಕೂತ ಕಾರ್ಮಿಕರು ಯಂತ್ರಗಳ ನಡುವೆ ಅಕಾರ್ಡಿಯನ್ ನುಡಿಸಿ ಕುಣಿದಿದ್ದರು. ಆ ನಾದದ ಹಿನ್ನೆಲೆಯೂ ಸ್ವಾರಸ್ಯದ್ದು. ಓವೆರ್ನ್ ಸೀಮೆಯಿಂದ ಪ್ಯಾರಿಸ್ಸಿಗೆ ಹೊಟ್ಟೆಪಾಡಿಗೆ ಬಂದು ಕಲ್ಲಿದ್ದಲು, ವೈನ್ ಮಾರುತ್ತಿದ್ದವರು ರ‍್ಯು ದ ಲಾಪ್ ಬೀದಿಯ ಸುತ್ತಮುತ್ತ ತಮ್ಮೂರಿನ ತೊಗಲಚೀಲದ ವಾದ್ಯ ಊದಿಸಿಕೊಂಡು ಕುಣಿಯುತ್ತಿದ್ದರು. ಅದರ ಜೊತೆಗೆ ಇಟಲಿಯ ವಲಸಿಗರ ಅಕಾರ್ಡಿಯನ್ ಬಂದು ಸೇರಿತು, ಕೊನೆಗೆ ಆ ಚೀಲವಾದ್ಯವನ್ನೇ ಮೂಲೆಗೆ ಸರಿಸಿತು. ಅಲ್ಲಿ ಒಂದೊಂದು ಕುಣಿತಕ್ಕೂ ಒಂದೊಂದು ಬಿಲ್ಲೆ ತೆರಬೇಕಿತ್ತು. ಹೆಜ್ಜೆ ನಡುವೆಯೇ ವಸೂಲಿ ಮಾಡುವವನು ಬಂದು ಕೈಯೊಡ್ಡುತ್ತಿದ್ದ. ಅಪ್ಪಟ ಫ್ರೆಂಚ್ ಎಂದು ಲೋಕವೆಲ್ಲ ಮೆಚ್ಚುವ ಆ ಸ್ವರ ಹೀಗೆ ವಲಸೆ ಬಂದವರ ಬೆವರಿನದು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಸಿನಿಮಾದ ಉಳಿದ ಭಾಗ ನೋಡಬೇಕು.

ನಾಜಿಗಳ ಕಾಲ ಬರುತ್ತದೆ. ಆಗ ಫ್ರಾನ್ಸಿನಲ್ಲಿ ಸಾರ್ವಜನಿಕ ಕುಣಿತಕ್ಕೆ ನಿಷೇಧವಿತ್ತು. ಜನ ಕದ್ದು ಕುಣಿದರು. ಸಿನಿಮಾದ ಹಾಲ್‌ನಲ್ಲಿ ಒಬ್ಬ ಜರ್ಮನ್ ಅಧಿಕಾರಿ, ಅವನ ಬೆನ್ನಿಗೆ ಒಬ್ಬ ಸ್ಥಳೀಯ ಬಾಲಬಡುಕ. ಅಧಿಕಾರಿಗೆ ಕುಣಿಯುವ ಆಸೆ, ಆದರೆ ಒಬ್ಬ ಹೆಂಗಸೂ ಏಳುವುದಿಲ್ಲ. ಸಮವಸ್ತ್ರ ತೊಟ್ಟವನ ಎದುರು, ಕೂತಲ್ಲಿಂದ ಏಳದೆ ಇರುವುದಷ್ಟೇ ಅವರಿಗೆ ಉಳಿದಿರುವ ಅಸ್ತ್ರ. ಕೊನೆಗೆ ಅವನ ತೋಳಿಗೆ ಸಿಗುವವನು ಆ ಬಾಲಬಡುಕ. ಗಂಡಸರಿಬ್ಬರೂ ಎದೆಗೆ ಎದೆ ಕೊಟ್ಟು ನೆಲವೆಲ್ಲ ಸುತ್ತುತ್ತಾರೆ. ವೈರಿಯ ಕೈಕೆಳಗೆ ಬದುಕಿದ ದೇಶದ ಮಾನಾವಮಾನಗಳ ಬಗ್ಗೆ ದಪ್ಪ ದಪ್ಪ ಗ್ರಂಥಗಳಿವೆ. ನನ್ನ ಮಟ್ಟಿಗೆ ಈ ಒಂದು ದೃಶ್ಯ ಅವಕ್ಕೆಲ್ಲ ಸಮ.

ಬಿಡುಗಡೆ ಬರುತ್ತದೆ. ಬೆನ್ನಿಗೇ ಅಮೆರಿಕದ ಸಂಗೀತ, ಆಮೇಲೆ ರಾಕ್ ಅಂಡ್ ರೋಲ್. ಮೇಲುನೋಟಕ್ಕೆ ಹಾಲ್ ಹಗುರಾಗಿದೆ, ಸ್ಕರ್ಟುಗಳು ಅಗಲವಾಗಿವೆ. ಆದರೆ ಇದು ಫ್ರಾನ್ಸಿನ ಆಳ್ವಿಕೆಯ ವಿರುದ್ಧ ಅಲ್ಜೀರಿಯ ಹೂಡಿದ ಯುದ್ಧದ ಕಾಲ. ಉತ್ತರ ಆಫ್ರಿಕದ ಯುವಕನೊಬ್ಬ ಇಲ್ಲಿಗೂ ಬರುತ್ತಾನೆ, ಎಲ್ಲರಂತೆ ಕುಣಿಯಲು. ಅವನಿಗೆ ಸಿಗುವುದು ಪೆಟ್ಟು. ಹಿಂದೆ ಜರ್ಮನ್ನನಿಗೆ ಒಲ್ಲೆ ಎಂದ ಅದೇ ಹಾಲ್ ಇದು. ಅಂದು ಆ ‘ಒಲ್ಲೆ’ಯಲ್ಲಿ ಧೈರ್ಯವಿತ್ತು, ಇಂದು ಹಗೆಯಿದೆ. ಹೊರಗಿನ ಪ್ಯಾರಿಸ್ ಇನ್ನೂ ಕ್ರೂರವಾಗಿತ್ತು. ತಮ್ಮ ಮೇಲೆ ಹೇರಿದ ರಾತ್ರಿ ಕರ್ಫ್ಯೂ ವಿರೋಧಿಸಿ 1961ರ ಅಕ್ಟೋಬರ್ 17ರಂದು ಬೀದಿಗಿಳಿದ ಅಲ್ಜೀರಿಯನ್ನರನ್ನು ಪೊಲೀಸರು ಬಡಿದು ಕೊಂದರು, ಹಲವರನ್ನು ಸೆನ್ ನದಿಗೆ ಎಸೆದರು. ಸತ್ತವರ ಲೆಕ್ಕ ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

1968ರ ವಿದ್ಯಾರ್ಥಿ ದಂಗೆಯನ್ನು ಸ್ಕೋಲಾ ಚುಟುಕಾಗಿ ಮುಗಿಸುತ್ತಾರೆ, ಅದು ನನಗೆ ಕೊರತೆ ಎನಿಸುವುದಿಲ್ಲ. ಆ ತಲೆಮಾರಿಗೆ ಬೀದಿಯೇ ಹಾಲ್ ಆಗಿತ್ತು. ಅಲ್ಲಿಂದ ಒಂದೇ ಜಿಗಿತಕ್ಕೆ 1983, ಡಿಸ್ಕೊ ಕಾಲ.

ಚಿತ್ರಕ್ಕೆ ಬರ್ಲಿನ್ ಉತ್ಸವದಲ್ಲಿ ನಿರ್ದೇಶನದ ಬೆಳ್ಳಿ ಕರಡಿ ಸಿಕ್ಕಿತು. ಫ್ರಾನ್ಸ್ ತನ್ನ ಸೆಝಾರ್ ಪ್ರಶಸ್ತಿ ಕೊಟ್ಟಿತು. ಆಸ್ಕರ್‌ನ ವಿದೇಶಿ ಭಾಷಾ ವಿಭಾಗದ ಕೊನೆಯ ಐದರಲ್ಲೂ ಬಂತು. ಆದರೆ ಅಲ್ಲಿ ಅದರ ಹೆಸರಿನ ಮುಂದೆ ಇದ್ದದ್ದು ಫ್ರಾನ್ಸೂ ಅಲ್ಲ, ಇಟಲಿಯೂ ಅಲ್ಲ. ನಿರ್ಮಾಣದಲ್ಲಿ ಅವೆರಡರ ಜೊತೆ ಪಾಲುದಾರನಾಗಿದ್ದ, 1962ರಲ್ಲಷ್ಟೇ ಸ್ವತಂತ್ರವಾದ ಅಲ್ಜೀರಿಯ ಅದನ್ನು ತನ್ನ ಚಿತ್ರವೆಂದು ಕಳಿಸಿತ್ತು.