ಮಣ್ಣಿನ ಹದ: ಕುಂಬಾರಿಕೆಯ ಮೊದಲ ಪಾಠ

ಕುಂಬಾರ ಗುಂಡಯ್ಯನನ್ನು ಕುರಿತ ಹರಿಹರನ ರಗಳೆಯನ್ನು ಬಲ್ಲವರಿಗೆ ಒಂದು ಸಂಗತಿ ನೆನಪಿರಬಹುದು. ಶಿವನು ಕುಣಿದುದು ಗುಂಡಯ್ಯನ ತಿಗುರಿಯ ಚಮತ್ಕಾರವನ್ನು ಕಂಡಲ್ಲ, ಅವನು ಬಡಿದ ಮಡಕೆಯ ನಾದವನ್ನು ಕೇಳಿ. ಕುಂಬಾರಿಕೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತಿರುಗುವ ತಿಗುರಿಯೇ ಆದರೂ, ಮಡಕೆಯ ಆಯುಷ್ಯವು ಬಹುಮಟ್ಟಿಗೆ ತಿಗುರಿಯ ಹಿಂದುಮುಂದಿನ ಕೆಲಸಗಳನ್ನು ಅವಲಂಬಿಸಿದೆ. ಆದುದರಿಂದ ಈ ಕಸುಬನ್ನು ಹೊಸದಾಗಿ ಕಲಿಯುವವರು ಬರಿಗೈಯಿಂದಲೇ ತೊಡಗುವುದು ಲೇಸು.

ಮೊದಲು ಮಣ್ಣು. ಕೆರೆಯಂಗಳದ ಜೇಡಿಮಣ್ಣನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ನೆನೆಹಾಕಿ, ಸೋಸಿ, ಬೇರು ಹರಳುಗಳನ್ನು ತೆಗೆಯಬೇಕು. ಸುಣ್ಣದ ಹರಳೊಂದು ಉಳಿದರೂ ಕೇಡೇ. ಬೆಂಕಿಯಲ್ಲಿ ಸುಟ್ಟ ಸುಣ್ಣವಾದ ಅದು ಆಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬಿ, ಪಾತ್ರೆಯ ಮೈಯಿಂದ ಚಕ್ಕೆಯನ್ನು ಎಬ್ಬಿಸುತ್ತದೆ. ತೀರ ಜಿಗುಟಾದ ಮಣ್ಣು ಒಣಗುವಾಗ ಹೆಚ್ಚು ಕುಗ್ಗಿ ಸೀಳುವುದರಿಂದ ನಯವಾದ ಮರಳನ್ನೋ ಬೂದಿಯನ್ನೋ ಬೆರೆಸುವುದುಂಟು. ಚೆನ್ನಾಗಿ ತುಳಿದು ನಾದಿದ ಮಣ್ಣಿನಿಂದ ಪೆನ್ಸಿಲಿನ ದಪ್ಪದ ಬತ್ತಿಯನ್ನು ಹೊಸೆದು ಬೆರಳಿಗೆ ಸುತ್ತಿದರೆ ಅದು ಬಿರಿಯಬಾರದು, ಕೈಗೆ ಅಂಟಲೂಬಾರದು. 'ಹದ' ಎಂಬ ಮಾತನ್ನು ಕಾವ್ಯಗಳಲ್ಲಿ ನೂರು ಸಲ ಓದಿದ ವಿದ್ಯಾರ್ಥಿಯು ಅದನ್ನು ಬೆರಳಿನಿಂದ ಅರಿಯುವುದು ಇಲ್ಲಿ.

ನಿಂಬೆಯ ಗಾತ್ರದ ಉಂಡೆಯನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ನಡುವೆ ಒತ್ತಿ, ತಿರುಗಿಸುತ್ತ ಅಂಚನ್ನು ಅದುಮುತ್ತ ಬಂದರೆ ಹಣತೆಯಾಯಿತು. ಕುಡಿಕೆಗಾದರೆ ಬತ್ತಿಗಳನ್ನು ಸುರುಳಿಯಾಗಿ ಪೇರಿಸಿ, ಸಂದುಗಳನ್ನು ಒಳಗೂ ಹೊರಗೂ ತೀಡಿ ಬೆಸೆಯಬೇಕು. ನುರಿತ ಕುಂಬಾರರು ತಿಗುರಿಯಿಂದ ಇಳಿಸಿದ ದಪ್ಪಮೈಯ ಪಾತ್ರೆ ಅರೆಯೊಣಗಿದ ಮೇಲೆ, ಒಳಗೆ ಗುಂಡುಕಲ್ಲನ್ನು ಒತ್ತಿ ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಅದನ್ನು ಹಿಗ್ಗಿಸುತ್ತಾರೆ. ಮಡಕೆಯ ದುಂಡು ತಳವು ಮೂಡುವುದು ಈ ಬಡಿತದಿಂದಲೇ. ಗುಂಡಯ್ಯನ ಕೈಗೆ ತಾಳವು ಕಸುಬಿನಿಂದಲೇ ಬಂದಿರಬೇಕೆಂದು ನನ್ನ ಊಹೆ.

ಇನ್ನು ಒಣಗಿಸುವುದು. ಶಾಲೆಗಳಲ್ಲಿ ಮಕ್ಕಳು ಮಾಡಿದ ಮಣ್ಣಿನ ಗೊಂಬೆಗಳನ್ನು ಬಿಸಿಲಿಗಿಟ್ಟು ಸೀಳಿಸುವುದು ಹಳೆಯ ವಾಡಿಕೆ! ಒಣಗಿ ಸುಡುವಷ್ಟರಲ್ಲಿ ಮಣ್ಣು ಸಾಮಾನ್ಯವಾಗಿ ನೂರಕ್ಕೆ 8ರಿಂದ 12ರಷ್ಟು ಕುಗ್ಗುತ್ತದೆ. ಅಂಚು ಬೇಗನೆಯೂ ತಳ ತಡವಾಗಿಯೂ ಕುಗ್ಗಿದರೆ ಆ ಎಳೆದಾಟದಲ್ಲಿ ಬಿರುಕು ಹುಟ್ಟುತ್ತದೆ. ನೆರಳಿನಲ್ಲಿ, ಬಟ್ಟೆ ಹೊದಿಸಿ, ನಿಧಾನವಾಗಿ ಆರಿಸುವುದೇ ಇದಕ್ಕೆ ಮದ್ದು.

ಆವಿಗೆಯಲ್ಲಿ ಪಾತ್ರೆ ಸಿಡಿಯುವುದಕ್ಕೆ ಒಳಗೆ ಸಿಕ್ಕಿದ ಗಾಳಿಗುಳ್ಳೆಯನ್ನು ಹಲವರು ದೂರುತ್ತಾರೆ. ನಿಜವಾದ ಅಪರಾಧಿ ತೇವ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಉಗಿಯಾಗಿ, ಹೊರಬರಲು ದಾರಿ ಕಾಣದೆ ಮೈಯನ್ನು ಒಡೆಯುತ್ತದೆ. ಆದಕಾರಣ ಮೊದಲು ಸಣ್ಣ ಬೆಂಕಿ ಸಾಕು. 500ರಿಂದ 600 ಡಿಗ್ರಿಗಳ ನಡುವೆ ಮಣ್ಣಿನ ಕಣಗಳಲ್ಲೇ ಬೆರೆತಿರುವ ನೀರು ಬಿಟ್ಟುಹೋಗುತ್ತದೆ. ಬಿಸಿಲಿನಲ್ಲಿ ಒಣಗಿದ ಹಸಿಮಡಕೆಯು ನೀರಿನಲ್ಲಿಟ್ಟರೆ ಕರಗಿ ಮತ್ತೆ ಕೆಸರಾಗುತ್ತದೆ. ಈ ಶಾಖವನ್ನು ದಾಟಿದುದು ಇನ್ನೆಂದಿಗೂ ಕೆಸರಾಗದು. ಸೌದೆ, ಹುಲ್ಲು, ಬೆರಣಿಗಳ ಬಯಲಾವಿಗೆಯ ಶಾಖವು ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನ ಕಬ್ಬಿಣದ ಅಂಶವು ಕೆಂಪೇರುತ್ತದೆ; ಗಾಳಿಯನ್ನು ಮುಚ್ಚಿ ಹೊಗೆಯಾಡಿಸಿದರೆ ಪಾತ್ರೆ ಕಪ್ಪಾಗುತ್ತದೆ.

ಪೂರ್ತಿ ತಣಿದ ಮೇಲೆ ಪಾತ್ರೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಬೇಕು. ಚೆನ್ನಾಗಿ ಬೆಂದುದು ಕಣಕಣನೆ ನುಡಿಯುತ್ತದೆ, ಸೀಳಿದುದರ ದನಿ ಮಂಕು. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುತ್ತಿದ್ದ ನಮ್ಮ ತಾಯಂದಿರು ತಟ್ಟಿ ಕೇಳದೆ ಹಣ ಕೊಡುತ್ತಿರಲಿಲ್ಲ.