ಕಳ್ಬಪ್ಪಿನ ಬಂಡೆಯ ಮೇಲಣ ಕಾವ್ಯ

ಪೂರ್ವದ ಹಳಗನ್ನಡಕ್ಕೆ ಉದಾಹರಣೆ ಬೇಕಾದಾಗಲೆಲ್ಲ ನಮ್ಮ ತರಗತಿಗಳಲ್ಲಿ ಶ್ರವಣಬೆಳಗೊಳದ ಒಂದೆರಡು ಶಾಸನಗಳು ಹಾಜರಾಗುತ್ತವೆ. ‘ಒಳ್’ ಇರಬೇಕಾದಲ್ಲಿ ‘ಉಳ್’ ಇದೆ ಎಂದು ಗೆರೆ ಎಳೆದುಕೊಂಡು ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಅವುಗಳಲ್ಲಿ ಕೆಲವು ಕವಿತೆಗಳೂ ಹೌದು, ಅದರಲ್ಲಿಯೂ ಒಂದು ಪುಣ್ಯಗಿರಿಯ ಕವಿತೆಗಳು ಎಂಬುದು ಪರೀಕ್ಷೆಗೆ ಬೇಡವಾದ ಸಂಗತಿ. ಆ ಬೇಡವಾದುದನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

ಬೆಳಗೊಳದಲ್ಲಿ ಬೆಟ್ಟಗಳು ಎರಡು. ಗೊಮ್ಮಟನು ನಿಂತಿರುವುದು ದೊಡ್ಡಬೆಟ್ಟದ ಮೇಲೆ. ಅದಕ್ಕೆ ಎದುರಾಗಿರುವ ಚಿಕ್ಕಬೆಟ್ಟವೇ ಚಂದ್ರಗಿರಿ. ಹಳೆಯ ಶಾಸನಗಳಲ್ಲಿ ಅದರ ಹೆಸರು ಕಟವಪ್ರ, ಕಳ್ಬಪ್ಪು. ಸಮುದ್ರಮಟ್ಟದಿಂದ 3,052 ಅಡಿ ಎಂದು ಲೆಕ್ಕ ಹೇಳಿದರೂ ಸುತ್ತಲಿನ ಬಯಲಿನಿಂದ ಅಳೆದರೆ ಇನ್ನೂರು ಅಡಿಯೂ ಇಲ್ಲ. ಬಂಡೆಯನ್ನು ದೇವರ ಮನೆಯಾಗಿ ಕಾಣುವುದು ಹುಳಿಮಾವಿನವನಾದ ನನಗೆ ಹೊಸದಲ್ಲ, ನಮ್ಮೂರಿನ ಗುಹಾದೇವಾಲಯವೂ ಬಂಡೆಯ ಒಡಲಿನಲ್ಲಿಯೇ ಇದೆ. ಆದರೆ ಬಂಡೆಯೇ ಕಾವ್ಯದ ಓಲೆಯಾದುದನ್ನು ನೋಡಬೇಕಾದರೆ ಕಳ್ಬಪ್ಪಿಗೇ ಹೋಗಬೇಕು.

ಕ್ರಿ.ಶ. ಸುಮಾರು 600ರ ಒಂದು ಸಂಸ್ಕೃತ ಗದ್ಯಶಾಸನ ಅಲ್ಲಿಯ ಅತಿ ಪ್ರಾಚೀನ ಬರೆಹ. ಬೆಟ್ಟವನ್ನು ಕಣ್ತುಂಬ ವರ್ಣಿಸಿರುವುದು ಅದರಲ್ಲಿ: ಹೂಹಣ್ಣಿನ ಮರಗಳು, ಮಳೆಮೋಡದಂತೆ ಕಪ್ಪಾದ ಕಲ್ಲು, ಹಂದಿ ಹುಲಿ ಕರಡಿ ಹಾವು ಜಿಂಕೆಗಳಿಂದ ತುಂಬಿದ ಗುಹೆಗಳು. ಅಲ್ಲಿ ಏಳುನೂರು ಋಷಿಗಳು ಸಮಾಧಿಯನ್ನು ಪಡೆದರೆಂದೂ ಅದು ಹೇಳುತ್ತದೆ. ಅನಂತರದ ಕನ್ನಡ ಬರೆಹಗಳಲ್ಲಿ ಈ ವೈಭವವೆಲ್ಲ ಮಾಯ. ಬೆಟ್ಟಕ್ಕೆ ಸಿಕ್ಕುವುದು ಒಂದು ಹೆಸರು ಮಾತ್ರ, ಹಲವು ಕಡೆ ಅದೂ ಇಲ್ಲ. ಉಗ್ರಸೇನ ಗುರವಡಿಗಳು ಒಂದು ತಿಂಗಳು, ನಾಗಮತಿ ಗಂತಿಯರು ಮೂರು ತಿಂಗಳು ನೋಂತು ‘ಮುಡಿಪ್ಪಿದರ್’, ಅಷ್ಟೇ ವರದಿ. ದಕ್ಷಿಣ ಮಧುರೆಯಿಂದ ಬಂದ ಅಕ್ಷಯಕೀರ್ತಿಯನ್ನು ಬೆಟ್ಟದ ಮೇಲೆ ಹಾವು ಕಚ್ಚಿದುದನ್ನು ಒಂದು ಶಾಸನ ಹೇಳುತ್ತದೆ. ಸುಮಾರು 700ರ ನಂದಿಸೇನ ಮುನಿಯ ಪದ್ಯವಂತೂ ಮಹಾಸ್ರಗ್ಧರೆಯಲ್ಲಿದೆ. ಸಿರಿ, ರೂಪ, ವೈಭವಗಳು ಕಾಮನಬಿಲ್ಲು, ಮಿಂಚು, ಮಂಜುಗಳಂತೆ ತೋರಿ ಮರೆಯಾಗುತ್ತವೆಂದು ಕಂಡು ಆತನು ಸಂನ್ಯಸನವನ್ನು ಕೈಕೊಂಡ ಕಥೆ ನಾಲ್ಕೇ ಪಾದಗಳಲ್ಲಿ ಮುಗಿಯುತ್ತದೆ. ಆ ಮೂರೂ ಹೋಲಿಕೆಗಳು ಬೆಟ್ಟದ ತಲೆಯಲ್ಲಿ ನಿಂತವನ ಕಣ್ಣಿಗೆ ಬೀಳುವಂಥವೇ ಅಲ್ಲವೆ? ಬೆಟ್ಟದ ಹೆಸರಿಲ್ಲದೆಯೂ ಇದು ಬೆಟ್ಟದ ಪದ್ಯವೆಂದು ನಾನು ಎಣಿಸುವುದು ಇದಕ್ಕಾಗಿಯೇ.

ಪುಣ್ಯಗಿರಿಯನ್ನು ಹಾಡುವುದರಲ್ಲಿ ಚೀನೀಯರದು ದೊಡ್ಡ ಹೆಸರು. ಅವರ ತಾಯ್ ಷಾನ್ ಪರ್ವತದ ಮೇಲೂ ಕಲ್ಲಿನ ಬರೆಹಗಳುಂಟು. ಕ್ರಿ.ಪೂ. 219ರಲ್ಲಿ ಚಿನ್ ಷಿ ಹ್ವಾಂಗ್ ಚಕ್ರವರ್ತಿ ಅದನ್ನು ಹತ್ತಿ ತನ್ನ ಕೀರ್ತಿಯನ್ನು ಶಿಲೆಯಲ್ಲಿ ಕಡೆಸಿದನು. ಕ್ರಿ.ಶ. 726ರಲ್ಲಿ, ಎಂದರೆ ನಮ್ಮ ನಂದಿಸೇನನ ಪದ್ಯಕ್ಕೆ ಸಮೀಪದ ಕಾಲದಲ್ಲಿಯೇ, ತಾಂಗ್ ವಂಶದ ಷ್ವಾನ್‌ತ್ಸುಂಗನು ಸುಮಾರು ಸಾವಿರ ಅಕ್ಷರಗಳ ಶಾಸನವನ್ನು ಅಲ್ಲಿ ಕೆತ್ತಿಸಿದನು. ಕೆಲವೇ ವರ್ಷಗಳ ಮೇಲೆ ತರುಣ ಕವಿ ದು ಫು ಅದೇ ಪರ್ವತವನ್ನು ಕೆಳಗಿನಿಂದ ನೋಡಿ, ಮುಂದೊಂದು ದಿನ ಶಿಖರವನ್ನೇರಿ ಉಳಿದ ಬೆಟ್ಟಗಳೆಲ್ಲ ಕಿರಿದಾಗುವುದನ್ನು ಕಾಣುವೆನೆಂದು ಎಂಟು ಸಾಲುಗಳಲ್ಲಿ ಹಾಡಿದನು. ಹತ್ತಿದ ಚಕ್ರವರ್ತಿಗಳು ಇಳಿದು ಬಂದು ರಾಜ್ಯವಾಳಿದರು. ಕಳ್ಬಪ್ಪಿನ ಈ ಬರೆಹಗಳು ಹೇಳುವವರು ಹತ್ತಿದ ಮೇಲೆ ಇಳಿಯಲಿಲ್ಲ. ಇನ್ನೂರಡಿಯ ಗುಡ್ಡಕ್ಕೆ ಮಹಿಮೆ ಬಂದುದು ಎತ್ತರದಿಂದಲ್ಲ, ಹಾಗೆ ಉಳಿದುಹೋದವರಿಂದ.

ಕಲ್ಲಿನ ಮೇಲೆ ಸಾವನ್ನು ನೆನೆಯುವುದು ನಮ್ಮ ನಾಡಿಗೆ ಸಹಜ. ಹುಳಿಮಾವಿಗೆ ನೆರೆಯ ಬೇಗೂರಿನಲ್ಲಿ ಸುಮಾರು 890ರ ವೀರಗಲ್ಲು ಬೆಂಗಳೂರ ಕಾಳಗದಲ್ಲಿ ಮಡಿದವನನ್ನು ನೆನೆಯುತ್ತದೆ. ಆ ಕಲ್ಲು ಪ್ರಸಿದ್ಧವಾದುದು ನಗರದ ಹೆಸರಿನಿಂದ, ಸತ್ತವನನ್ನು ಕೇಳುವವರಿಲ್ಲ. ಕಳ್ಬಪ್ಪಿನ ಪದ್ಯಗಳ ಪಾಡೂ ಬಹುಮಟ್ಟಿಗೆ ಇದೇ, ವ್ಯಾಕರಣ ಅವನ್ನು ನುಂಗಿದೆ.

ದೊಡ್ಡಬೆಟ್ಟದ ಗೊಮ್ಮಟನಿಗೆ ಮಾತ್ರ ಅಂಥ ದುರದೃಷ್ಟವಿಲ್ಲ. ಬೊಪ್ಪಣ ಕವಿ ಸುಮಾರು 1180ರಲ್ಲಿ ರಚಿಸಿದ ಸ್ತುತಿಯೂ ಶಾಸನವೇ, ಆದರೆ ಅದನ್ನು ಕಾವ್ಯವೆಂದೇ ಎಲ್ಲರೂ ಓದುತ್ತಾರೆ.

ಓದಬೇಕೆನ್ನುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಅಚ್ಚು ಹಾಕಿಸಿದರು, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು; ಮೈಸೂರಿನಿಂದ 1973ರಲ್ಲಿ ಹೊರಬಂದ ಸಂಪುಟದಲ್ಲಿ 573. ಮೊದಲು ಗ್ರಂಥಾಲಯದಲ್ಲಿ ಪಾಠವನ್ನು ನೋಡಿಕೊಂಡು ಹೋಗುವುದು ಲೇಸು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಚಿಕ್ಕಬೆಟ್ಟವನ್ನು ಹತ್ತಿದರೆ ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ನಿಂತು ಅವು ಕಾಣಿಸುತ್ತವೆ. ನಡುಹಗಲಿನಲ್ಲಿ ಹೋದವರಿಗೆ ಬರಿಯ ಬಂಡೆ.